ಹೃದಯದ ಚಿತ್ರ ಯಾರ ಬಳಿ ಇದೆ?



ನಮ್ಮಲ್ಲಿ ಹೆಚ್ಚಿನವರ ಮನೆಯ ಕಪಾಟಿನ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರೊಳಗೆ ಎಕ್ಸ್‌ರೇ ಹಾಳೆಗಳು, ರಕ್ತಪರೀಕ್ಷೆಯ ವರದಿಗಳು, ಔಷಧದಂಗಡಿಯ ಬಿಲ್ಲುಗಳು, ಮಕ್ಕಳ ಚುಚ್ಚುಮದ್ದಿನ ಕಾರ್ಡುಗಳು. ಅವುಗಳ ನಡುವೆ ಎಲ್ಲೋ ಒಂದು ಸಿ.ಡಿ.ಯೂ ಇರಬಹುದು. ಮಾವನವರ ಆಂಜಿಯೋಗ್ರಾಂನದೋ, ಅತ್ತೆಯ ಎಕೋ ಪರೀಕ್ಷೆಯದೋ. ಅದನ್ನು ಮನೆಯಲ್ಲಿ ಯಾರೂ ತೆರೆದು ನೋಡಿರುವುದಿಲ್ಲ. ಹಬ್ಬಕ್ಕೆ ಮುಂಚೆ ಮನೆ ಶುಚಿಗೊಳಿಸುವಾಗ ‘ಇದು ಇನ್ನು ಯಾಕೆ?’ ಎಂದು ಎಸೆಯಲು ಹೊರಡುತ್ತೇವೆ. ದಯವಿಟ್ಟು ಎಸೆಯಬೇಡಿ. ಈ ತಿಂಗಳು ನಾನು ಹೇಳಲಿರುವುದು ಅದರ ಬಗ್ಗೆಯೇ.

ನನ್ನ ನಾದಿನಿಗೆ ಬಾಲ್ಯದಲ್ಲಿ ಗಂಟಲು ನೋವು ಬಂದು, ಅದರ ಬೆನ್ನಿಗೇ ಕೀಲುಗಳು ಊದಿಕೊಂಡು ಜ್ವರ ಬಂದಿತ್ತು. ಇದನ್ನು ವೈದ್ಯರು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟುಹೋದರೂ ಕೆಲವರ ಹೃದಯದಲ್ಲಿ ಅದು ಗುರುತು ಉಳಿಸಿ ಹೋಗುತ್ತದೆ. ಅವಳ ಹೃದಯದ ಮೈಟ್ರಲ್ ಎಂಬ ಕವಾಟ ನಿಧಾನವಾಗಿ ಕಿರಿದಾಗಿತ್ತು. ಮದುವೆಯಾಯಿತು, ಮೊದಲ ಹೆರಿಗೆಯೂ ಸುಸೂತ್ರವಾಗಿ ಮುಗಿಯಿತು. ಎರಡನೆಯ ಬಾರಿ ಗರ್ಭಿಣಿಯಾಗಿ ಐದು ತಿಂಗಳಾದಾಗ ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು.

ಎಕೋ ಮಾಡಿದ ವೈದ್ಯರು ಏಳು ವರ್ಷಗಳ ಹಿಂದಿನ ವರದಿಯನ್ನು ಪಕ್ಕದಲ್ಲಿಟ್ಟು ನೋಡಿದರು. ಅಂದು ಬರೆದಿದ್ದ ಅಳತೆಗಿಂತ ಇಂದಿನ ಅಳತೆ ಸಾಕಷ್ಟು ಚಿಕ್ಕದಾಗಿತ್ತು. “ಕವಾಟ ಇಷ್ಟು ಬೇಗ ಕಿರಿದಾಗಿದೆಯೋ, ಅಥವಾ ಅಂದು ಅಳೆಯುವಾಗಲೇ ಹೆಚ್ಚುಕಡಿಮೆಯಾಗಿದೆಯೋ ಗೊತ್ತಾಗಬೇಕಾದರೆ ಈ ಕಾಗದ ಸಾಲದು. ಆಗಿನ ಚಿತ್ರ ತನ್ನಿ” ಎಂದರು. ಹೊಟ್ಟೆಯಲ್ಲಿ ಮಗು ಇರುವಾಗಲೇ ಬಲೂನ್ ಹಾಕಿ ಕವಾಟವನ್ನು ಹಿಗ್ಗಿಸಬೇಕೇ, ಔಷಧಿ ಕೊಟ್ಟು ಕಾಯಬಹುದೇ ಎಂಬ ಆಲೋಚನೆ ಅವರಿಗೆ. ನಮಗೋ ಎದೆ ಧಸಕ್ಕೆಂದಿತು.

ಮರುದಿನವೇ ನನ್ನ ಪತಿ ಆಗ ಎಕೋ ಮಾಡಿಸಿದ್ದ ಆಸ್ಪತ್ರೆಗೆ ಹೋದರು. ಅಲ್ಲಿ ಸಿಕ್ಕಿದ ಉತ್ತರ ಇಷ್ಟೇ: “ಆಗಿನ ಕಂಪ್ಯೂಟರ್ ವ್ಯವಸ್ಥೆ ಬದಲಾಗಿದೆ. ಹಳೆಯ ಚಿತ್ರಗಳು ಹೊಸದಕ್ಕೆ ಬಂದಿಲ್ಲ. ವರದಿ ಬೇಕಾದರೆ ಇನ್ನೊಂದು ಪ್ರತಿ ಕೊಡುತ್ತೇವೆ.” ಆ ರಾತ್ರಿ ನಾದಿನಿ ನನ್ನಲ್ಲಿ ಕೇಳಿದಳು, “ಭಾಭಿ, ಹೃದಯ ನನ್ನದು, ದುಡ್ಡು ಕೊಟ್ಟವರು ನಾವು. ಚಿತ್ರ ಮಾತ್ರ ಯಾರ ಬಳಿಯೂ ಇಲ್ಲವೆಂದರೆ ಹೇಗೆ?”

ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ವರದಿ ಇದ್ದರೆ ಸಾಲದೇ?

ಅಡುಗೆ ಮನೆಯಲ್ಲಿ ಎಣ್ಣೆ ಸುರಿಯುವ ಆಲಿಕೆಯನ್ನು ನೆನಪಿಸಿಕೊಳ್ಳಿ. ಮೇಲೆ ಅಗಲ, ಕೆಳಗೆ ಕಿರಿದು. ಕಿರಿದಾದ ಮೈಟ್ರಲ್ ಕವಾಟವೂ ಹಾಗೆಯೇ. ಆರೋಗ್ಯವಂತರಲ್ಲಿ ಅದರ ದ್ವಾರ 4ರಿಂದ 6 ಚದರ ಸೆಂಟಿಮೀಟರ್‌ನಷ್ಟು ತೆರೆದುಕೊಳ್ಳುತ್ತದೆ. ಅದು 1.5 ಚದರ ಸೆಂಟಿಮೀಟರ್‌ಗೆ ಇಳಿದರೆ ತೀವ್ರ ತೊಂದರೆ ಎಂದು ವೈದ್ಯರು ಪರಿಗಣಿಸುತ್ತಾರೆ. ಅಳೆಯುವವರು ಆಲಿಕೆಯ ತುದಿಯಲ್ಲೇ ಅಳೆಯಬೇಕು. ಸ್ವಲ್ಪ ಮೇಲೆ ಅಥವಾ ಓರೆಯಾಗಿ ಅಳೆದರೆ ದ್ವಾರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವರದಿಯಲ್ಲಿ ಇರುವುದು ಒಂದು ಅಂಕಿ ಮಾತ್ರ. ಆ ಅಂಕಿಯನ್ನು ಎಲ್ಲಿ ನಿಂತು ಅಳೆದರು ಎಂಬುದನ್ನು ಹೇಳುವುದು ಚಿತ್ರ.

ಗರ್ಭಿಣಿಯರಲ್ಲಿ ಈ ವಿಷಯಕ್ಕೆ ಇನ್ನಷ್ಟು ಮಹತ್ವವಿದೆ. ಗರ್ಭಧಾರಣೆಯಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಅಷ್ಟು ರಕ್ತವೂ ಅದೇ ಕಿರಿದಾದ ಬಾಗಿಲಿನಿಂದ ಹೋಗಬೇಕು. ಸ್ತನ ಕ್ಯಾನ್ಸರಿಗೆ ಕೊಡುವ ಕೆಲವು ಔಷಧಿಗಳೂ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲವು. ಆದ್ದರಿಂದ ಅಂಥವರಿಗೆ ಚಿಕಿತ್ಸೆಯ ಮೊದಲು ಮತ್ತು ನಡುನಡುವೆ ಎಕೋ ಮಾಡುತ್ತಾರೆ. ಇಲ್ಲೆಲ್ಲ ಮುಖ್ಯವಾದ ಪ್ರಶ್ನೆ ‘ಇಂದು ಹೃದಯ ಹೇಗಿದೆ’ ಎಂಬುದಷ್ಟೇ ಅಲ್ಲ, ‘ಅಂದಿಗಿಂತ ಇಂದು ಹೇಗಿದೆ’ ಎಂಬುದು. ಅಂದಿನ ಚಿತ್ರ ಕಳೆದುಹೋದರೆ ಹೋಲಿಕೆಯೇ ಕಳೆದುಹೋದಂತೆ.

ಫಿಲ್ಮಿನ ಸುರುಳಿಯಿಂದ ಕಂಪ್ಯೂಟರಿಗೆ

ಹೃದಯದ ಚಿತ್ರಕ್ಕೂ ಮೂಳೆಯ ಎಕ್ಸ್‌ರೇಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮುರಿದ ಕೈ ಕದಲದೆ ಕುಳಿತಿರುತ್ತದೆ, ಹೃದಯ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಆದ್ದರಿಂದ ಅದರದು ಚಲಿಸುವ ಚಿತ್ರ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್‌ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ ಶಬ್ದತರಂಗದಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಇಂದಿನ ಎಕೋ ಹುಟ್ಟಿದ್ದು ಹಾಗೆ. 1958ರಲ್ಲಿ ಅಮೇರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಪರೀಕ್ಷೆಯೊಂದನ್ನು ಮಾಡುತ್ತಿದ್ದಾಗ ಬಣ್ಣದ ದ್ರವ ಅಕಸ್ಮಾತ್ತಾಗಿ ಹೃದಯಕ್ಕೇ ರಕ್ತ ಕೊಡುವ ನಾಳದೊಳಗೆ ಹೋಯಿತು. ರೋಗಿ ಬದುಕಿ ಉಳಿದರು. ಆ ನಾಳಗಳನ್ನೇ ಗುರಿಯಿಟ್ಟು ಚಿತ್ರ ತೆಗೆಯುವ ಆಂಜಿಯೋಗ್ರಾಂಗೆ ಅಲ್ಲಿಂದ ದಾರಿಯಾಯಿತು.

ಆ ಕಾಲದಲ್ಲಿ ಆಂಜಿಯೋಗ್ರಾಂಗಳನ್ನು ಸಿನಿಮಾದಂತೆ 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದು ಸುರುಳಿಗಳಲ್ಲಿ ಇಡುತ್ತಿದ್ದರು. ಎಕೋ ಚಿತ್ರಗಳು ನಾವು ಮದುವೆಯ ವಿಡಿಯೋ ಇಡುತ್ತಿದ್ದಂತಹ ಟೇಪುಗಳಲ್ಲಿರುತ್ತಿದ್ದವು. ಫಿಲ್ಮು ಮಾಸುತ್ತದೆ, ಟೇಪಿಗೆ ಬೂಷ್ಟು ಹಿಡಿಯುತ್ತದೆ. ಸಾವಿರಾರು ಸುರುಳಿಗಳ ನಡುವೆ ಒಬ್ಬರದನ್ನು ಹುಡುಕುವುದೂ ಸುಲಭವಲ್ಲ.

ಕಂಪ್ಯೂಟರ್ ಬಂದಾಗ ಇನ್ನೊಂದು ತೊಡಕು ಎದುರಾಯಿತು. ಒಂದು ಕಂಪೆನಿಯ ಯಂತ್ರ ಬರೆದದ್ದನ್ನು ಇನ್ನೊಂದು ಕಂಪೆನಿಯ ಯಂತ್ರ ಓದುತ್ತಿರಲಿಲ್ಲ. ಇದನ್ನು ಬಗೆಹರಿಸಲು ಅಮೇರಿಕದ ಎಕ್ಸ್‌ರೇ ತಜ್ಞರ ಸಂಸ್ಥೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ 1983ರಲ್ಲಿ ಒಟ್ಟು ಕುಳಿತವು. 1985ರಲ್ಲಿ ಮೊದಲ ನಿಯಮಾವಳಿ ಬಂತು. 1993ರಲ್ಲಿ ಅದಕ್ಕೆ ‘ಡೈಕಾಂ’ ಎಂಬ ಹೆಸರು ಬಂತು. ಇಂದು ಜಗತ್ತಿನ ಆಸ್ಪತ್ರೆಗಳು ಚಿತ್ರಗಳನ್ನು ಹಂಚಿಕೊಳ್ಳುವುದು ಈ ಸಾಮಾನ್ಯ ಭಾಷೆಯಲ್ಲಿ. ಜಿದ್ದಾದಲ್ಲೋ ದುಬೈಯಲ್ಲೋ ತೆಗೆದ ಎಕೋವನ್ನು ಮಂಗಳೂರಿನಲ್ಲಿ ನೋಡಲು ಸಾಧ್ಯವಾಗುವುದು ಇದರಿಂದಲೇ. ಡೈಕಾಂ ಕಡತದಲ್ಲಿ ಚಿತ್ರದ ಜೊತೆಗೆ ರೋಗಿಯ ಹೆಸರು, ತಾರೀಕು, ಅಳತೆಯ ಪ್ರಮಾಣ ಎಲ್ಲವೂ ಇರುತ್ತವೆ. ಈ ಪ್ರಮಾಣ ಉಳಿದಿದ್ದರೆ ಎಷ್ಟೋ ವರ್ಷಗಳ ಬಳಿಕವೂ ಅದೇ ಚಿತ್ರದ ಮೇಲೆ ಮತ್ತೊಮ್ಮೆ ಅಳೆಯಬಹುದು.

ಹೀಗೆ ಚಿತ್ರಗಳನ್ನು ಸಂಗ್ರಹಿಸಿ, ಬೇಕಾದಾಗ ಹುಡುಕಿ ತೆಗೆದು, ಪರದೆಯ ಮೇಲೆ ತೋರಿಸಿ, ಅಳೆಯಲು ನೆರವಾಗುವ ವ್ಯವಸ್ಥೆಗೆ ಆಸ್ಪತ್ರೆಗಳಲ್ಲಿ ‘ಪ್ಯಾಕ್ಸ್’ ಎನ್ನುತ್ತಾರೆ.

ತಿಜೋರಿಯನ್ನು ಪರೀಕ್ಷಿಸುವವರು ಯಾರು?

ನಾವು ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಡುತ್ತೇವೆ. ಇಟ್ಟ ಬಳೆ ಹಾಗೆಯೇ ಮರಳಿ ಸಿಗಬೇಕು, ಇನ್ನೊಬ್ಬರ ಬಳೆ ನಮ್ಮ ಕೈಗೆ ಬರಬಾರದು, ನಮ್ಮದು ಅನ್ಯರ ಕಣ್ಣಿಗೆ ಬೀಳಬಾರದು. ಹೃದಯದ ಚಿತ್ರದ ತಿಜೋರಿಯಿಂದಲೂ ನಾವು ಬಯಸುವುದು ಇದನ್ನೇ. ಹಾಗಾದರೆ ಈ ತಿಜೋರಿ ಸರಿಯಿದೆಯೆಂದು ನೋಡುವವರು ಯಾರು?

ಈ ವಿಷಯದಲ್ಲಿ ಹಳೆಯ ಅನುಭವವಿರುವುದು ಅಮೇರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ, ಅಂದರೆ ಎಫ್.ಡಿ.ಎ.ಗೆ. ಅಲ್ಲಿ 1976ರ ಕಾನೂನು ವೈದ್ಯಕೀಯ ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಿತು. 1998ರ ಏಪ್ರಿಲ್‌ನಲ್ಲಿ ಚಿತ್ರಗಳನ್ನು ಕೇವಲ ಸಂಗ್ರಹಿಸುವ ಅಥವಾ ರವಾನಿಸುವ ಸಾಧನಗಳನ್ನು ಮೊದಲನೆಯ ವರ್ಗಕ್ಕೂ, ಪ್ಯಾಕ್ಸ್ ವ್ಯವಸ್ಥೆಯನ್ನು ಎರಡನೆಯ ವರ್ಗಕ್ಕೂ ಸೇರಿಸಿದರು. ಎರಡನೆಯ ವರ್ಗದ ಇಂತಹ ವ್ಯವಸ್ಥೆಯನ್ನು ಮಾರಾಟಕ್ಕೆ ಬಿಡುವ ಮುನ್ನ ತಯಾರಕರು ‘510(ಕೆ)’ ಎಂಬ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು.

ಅರ್ಜಿಯಲ್ಲಿ ಅವರು ತೋರಿಸಬೇಕಾದದ್ದು ಏನು? ಈಗಾಗಲೇ ಕಾನೂನುಬದ್ಧವಾಗಿ ಮಾರುಕಟ್ಟೆಯಲ್ಲಿರುವ ಒಂದು ಸಾಧನವನ್ನು ಹೆಸರಿಸಿ, ನಮ್ಮದು ಸುರಕ್ಷತೆಯಲ್ಲೂ ಪರಿಣಾಮದಲ್ಲೂ ಅದಕ್ಕೆ ಸರಿಸಮವೆಂದು ತೋರಿಸಬೇಕು. ಸಾಫ್ಟ್‌ವೇರನ್ನು ಹೇಗೆ ಪರೀಕ್ಷಿಸಿದೆವು, ಕೈಕೊಟ್ಟರೆ ಏನು ಅಪಾಯ, ಅದನ್ನು ತಡೆಯಲು ಏನು ಮಾಡಿದ್ದೇವೆ ಎಂದು ವಿವರಿಸಬೇಕು. ಜಾಗ ಉಳಿಸಲು ಚಿತ್ರವನ್ನು ಮತ್ತೆ ಮೂಲಕ್ಕೆ ತರಲಾಗದಂತೆ ಕುಗ್ಗಿಸಿದರೆ, ನೋಡುವ ವೈದ್ಯರಿಗೆ ಅದು ಚಿತ್ರದ ಮೇಲೆಯೇ ತಿಳಿಯಬೇಕೆಂದು 2000ದ ಮಾರ್ಗಸೂಚಿ ಹೇಳಿತ್ತು. ಕುಗ್ಗಿಸಿದ ಚಿತ್ರದಲ್ಲಿ ಕವಾಟದ ಅಂಚು ಮಸುಕಾದರೆ ಅಳತೆಯೂ ಮಸುಕಾಗುತ್ತದಲ್ಲವೇ?

ಇಲ್ಲಿ ಒಂದು ಮಾತನ್ನು ಗಮನಿಸಿ. ಜಾಹೀರಾತುಗಳಲ್ಲಿ ‘ಎಫ್.ಡಿ.ಎ. ಅಪ್ರೂವ್ಡ್’ ಎಂಬ ಪದವನ್ನು ನಾವು ನೋಡುತ್ತಿರುತ್ತೇವೆ. 510(ಕೆ) ದಾರಿಯಲ್ಲಿ ಬಂದ ಸಾಧನಕ್ಕೆ ಸಿಗುವುದು ‘ಕ್ಲಿಯರೆನ್ಸ್’, ಅಂದರೆ ಮಾರಾಟಕ್ಕೆ ಅಡ್ಡಿಯಿಲ್ಲ ಎಂಬ ಮಾತು. ಅದನ್ನೇ ಸರಕಾರದ ಮೆಚ್ಚುಗೆಯ ಮುದ್ರೆ ಎಂಬಂತೆ ಬಿಂಬಿಸುವುದನ್ನು ಅಮೇರಿಕದ ನಿಯಮವೇ ತಪ್ಪೆನ್ನುತ್ತದೆ.

ನಿಯಮಗಳು ನಿಂತಲ್ಲೇ ನಿಂತಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೇರಿಕದಲ್ಲಿ ಬಂದ ಕಾನೂನು, ಚಿತ್ರವನ್ನು ಕೇವಲ ಸಂಗ್ರಹಿಸುವ, ಕಳುಹಿಸುವ, ತೋರಿಸುವ ಸಾಫ್ಟ್‌ವೇರನ್ನು ‘ವೈದ್ಯಕೀಯ ಸಾಧನ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. 2021ರಲ್ಲಿ ಎಫ್.ಡಿ.ಎ. ತನ್ನ ನಿಯಮಗಳನ್ನು ಅದಕ್ಕೆ ತಕ್ಕಂತೆ ತಿದ್ದಿತು. ಚಿತ್ರವನ್ನು ಸಂಸ್ಕರಿಸುವ, ಅಳೆಯುವ ವ್ಯವಸ್ಥೆಗಳು ಮಾತ್ರ ಈಗಲೂ ಎರಡನೆಯ ವರ್ಗದಲ್ಲಿವೆ. ಹೃದಯದ ವಿಷಯದಲ್ಲಿ ಅಳತೆಯೇ ಮುಖ್ಯವಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. 2023ರ ಮಾರ್ಚ್‌ನಿಂದ ಇನ್ನೊಂದು ಷರತ್ತೂ ಸೇರಿದೆ. ಇಂಟರ್‌ನೆಟ್ಟಿಗೆ ಜೋಡಿಸಬಹುದಾದ ಸಾಧನವಾದರೆ, ಕಳ್ಳರು ನುಗ್ಗದಂತೆ ಏನು ವ್ಯವಸ್ಥೆ ಮಾಡಿದ್ದೇವೆಂದು ತಯಾರಕರು ಅರ್ಜಿಯಲ್ಲೇ ತಿಳಿಸಬೇಕು.

ನಮ್ಮ ದೇಶದಲ್ಲಿ?

ನಮ್ಮಲ್ಲಿ ವೈದ್ಯಕೀಯ ಸಾಧನಗಳನ್ನು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಡಿ ನೋಡಿಕೊಳ್ಳುವುದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ. ಬಹುಕಾಲ ಕೆಲವೇ ಸಾಧನಗಳು ಅದರ ವ್ಯಾಪ್ತಿಯಲ್ಲಿದ್ದವು. 2017ರಲ್ಲಿ ಪ್ರತ್ಯೇಕ ವೈದ್ಯಕೀಯ ಸಾಧನ ನಿಯಮಗಳು ಬಂದವು. 2020ರ ಫೆಬ್ರವರಿಯಲ್ಲಿ ಹೊರಡಿಸಿದ ಅಧಿಸೂಚನೆ ಆ ವರ್ಷದ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಕಾನೂನಿನೊಳಗೆ ತಂದಿತು. ರೋಗಪತ್ತೆಗೆ, ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ಅದರಲ್ಲಿ ಸೇರಿತು.

ಇಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ಎಂದರೆ ಕಡಿಮೆ ಅಪಾಯ, ಡಿ ಎಂದರೆ ಅತಿ ಹೆಚ್ಚು. ಮೊದಲೆರಡು ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಉಳಿದೆರಡಕ್ಕೆ 2023ರ ಅಕ್ಟೋಬರ್ 1ರಿಂದ ಪರವಾನಗಿ ಪದ್ಧತಿ ಜಾರಿಗೆ ಬಂತು. ಎ ವರ್ಗದ ತೀರಾ ಸರಳ ಸಾಧನಗಳಿಗೆ ನೋಂದಣಿ ಸಾಕು. ಆದ್ದರಿಂದ ಹೊಸ ವ್ಯವಸ್ಥೆ ಕೊಳ್ಳುವ ಆಸ್ಪತ್ರೆಯವರು ಮಾರುವವರಲ್ಲಿ ‘ನಿಮ್ಮದು ಯಾವ ವರ್ಗದ್ದು, ಅದರ ಕಾಗದ ತೋರಿಸಿ’ ಎಂದು ಕೇಳಬೇಕಾದ ಕಾಲ ಬಂದಿದೆ. ನಿಮ್ಮ ಮನೆಯವರು ಯಾರಾದರೂ ಆಸ್ಪತ್ರೆಯ ಆಡಳಿತದಲ್ಲಿದ್ದರೆ ಈ ಮಾತನ್ನು ಅವರ ಕಿವಿಗೆ ಹಾಕಿ.

ಬೀಗ ಗಟ್ಟಿಯಿದ್ದರೆ ಸಾಲದು

ಆದರೆ ಸಹೋದರಿಯರೇ, ಪರವಾನಗಿ ತಿಜೋರಿಯ ಬಗ್ಗೆ ಹೇಳುತ್ತದೆಯೇ ಹೊರತು ಬೀಗದ ಕೈ ಹಿಡಿದವರ ಬಗ್ಗೆ ಹೇಳುವುದಿಲ್ಲ.

2016ರಲ್ಲಿ ಎಫ್.ಡಿ.ಎ.ಗೆ ಅಮೇರಿಕದಿಂದಲೇ ಒಂದು ದೂರು ಬಂತು. ರೋಗಿಯೊಬ್ಬರ ಹೃದಯಕ್ಕೆ ನಳಿಕೆ ಹಾಕಿ ಪರೀಕ್ಷೆ ನಡೆಯುತ್ತಿದ್ದಾಗ ಹೃದಯದ ಮಾಹಿತಿ ತೋರಿಸುವ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಕಂಪ್ಯೂಟರನ್ನು ಮತ್ತೆ ಶುರು ಮಾಡಲು ಸುಮಾರು ಐದು ನಿಮಿಷ ಬೇಕಾಯಿತು. ರೋಗಿಗೆ ತೊಂದರೆಯಾಗಲಿಲ್ಲ. ವಿಚಾರಿಸಿದರೆ, ವೈರಸ್ ತಡೆಯುವ ಪ್ರೋಗ್ರಾಂ ಗಂಟೆಗೊಮ್ಮೆ ತಪಾಸಣೆ ನಡೆಸುವಂತೆ ಇಡಲಾಗಿತ್ತು, ಅದೇ ವ್ಯವಸ್ಥೆಯನ್ನು ತಡೆದಿತ್ತು. ರೋಗಿಯ ಮಾಹಿತಿಯ ಕಡತಗಳನ್ನು ಆ ತಪಾಸಣೆಯಿಂದ ಹೊರಗಿಡಬೇಕೆಂದು ತಯಾರಕರ ಸೂಚನೆಯಲ್ಲಿ ಮೊದಲೇ ಬರೆದಿತ್ತು!

2019ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಗ್ರೀನ್‌ಬೋನ್ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ಇನ್ನೊಂದು ಸತ್ಯವನ್ನು ಬಯಲಿಗೆಳೆಯಿತು. 52 ದೇಶಗಳಲ್ಲಿ ಇಂತಹ ಸುಮಾರು 590 ಚಿತ್ರಸಂಗ್ರಹಗಳು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ತಲುಪುವಂತೆ ತೆರೆದುಕೊಂಡಿದ್ದವು. ಅವುಗಳಲ್ಲಿ 2 ಕೋಟಿ 40 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು. ಭಾರತದ ರೋಗಿಗಳ ದಾಖಲೆಗಳೂ ಅವುಗಳಲ್ಲಿ ಸೇರಿದ್ದವು. ಚಿತ್ರದ ಜೊತೆ ಹೆಸರು, ಹುಟ್ಟಿದ ತಾರೀಕು, ಪರೀಕ್ಷೆಯ ವಿವರ. ಒಬ್ಬ ಹೆಣ್ಣುಮಗಳ ಎದೆಯ ಪರೀಕ್ಷೆ ಅವಳಿಗೂ ವೈದ್ಯರಿಗೂ ಮನೆಯವರಿಗೂ ಮಾತ್ರ ಗೊತ್ತಿರಬೇಕಾದದ್ದು. ಅದು ಬೀದಿಗೆ ಬೀಳಬೇಕಾದರೆ ಯಾರೂ ಬೀಗ ಒಡೆಯಬೇಕೆಂದಿಲ್ಲ, ಬಾಗಿಲು ಹಾಕಲು ಮರೆತರೆ ಸಾಕು.

ನಂಬಿ ಒಪ್ಪಿಸಿದ ವಸ್ತುವಿಗೆ ನಾವು ಅಮಾನತ್ ಎನ್ನುತ್ತೇವೆ. ತಿಜೋರಿ ಮಾಡಿದವರು, ಅದನ್ನು ಪರೀಕ್ಷಿಸಿದವರು, ಆಸ್ಪತ್ರೆಯಲ್ಲಿ ಅದನ್ನು ನೋಡಿಕೊಳ್ಳುವವರು, ಪ್ರತಿಯನ್ನು ಮನೆಗೆ ತಂದ ನಾವು. ಈ ಅಮಾನತ್ ನಾಲ್ಕು ಕೈಗಳಲ್ಲಿದೆ. ಮೊದಲ ಮೂರು ನಮ್ಮ ಹತೋಟಿಯಲ್ಲಿಲ್ಲ. ನಾಲ್ಕನೆಯದು ನಮ್ಮದೇ.

ನಾವು ಮಾಡಬಹುದಾದದ್ದು

ಎಕೋ ಅಥವಾ ಆಂಜಿಯೋಗ್ರಾಂ ಆದ ಬಳಿಕ ‘ವರದಿ ಕೊಡಿ’ ಎಂದಷ್ಟೇ ಹೇಳಬೇಡಿ. ‘ಚಿತ್ರವನ್ನೂ ಡೈಕಾಂ ರೂಪದಲ್ಲಿ ಕೊಡಿ’ ಎಂದು ಕೇಳಿ. ಕಾಗದದ ಮೇಲೆ ಅಚ್ಚಾದ ನಾಲ್ಕು ಚಿತ್ರ ಕೊಟ್ಟರೆ ಅದರಲ್ಲಿ ಚಲನೆಯಿಲ್ಲ, ಅದರ ಮೇಲೆ ಸರಿಯಾಗಿ ಅಳೆಯಲೂ ಬರುವುದಿಲ್ಲ. ಕೇಳಲು ಸಂಕೋಚ ಬೇಡ. ಒಳರೋಗಿಗಳ ದಾಖಲೆಗಳನ್ನು ವೈದ್ಯರು ಮೂರು ವರ್ಷ ಕಾಪಾಡಬೇಕು, ರೋಗಿಯಾಗಲಿ ಅವರು ಒಪ್ಪಿದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳಲ್ಲೇ ಇದೆ. ಮೂರು ವರ್ಷ ಎಂಬುದನ್ನು ಗಮನಿಸಿ. ಕವಾಟದ ಕಾಯಿಲೆ ಮೂವತ್ತು ವರ್ಷ ಜೊತೆಗಿರಬಹುದು. ಆಸ್ಪತ್ರೆಯವರೇ ಕೊನೆತನಕ ಇಟ್ಟುಕೊಳ್ಳುತ್ತಾರೆಂದು ನೆಚ್ಚಿ ಕೂರಬೇಡಿ.

ಸಿ.ಡಿ. ಅಥವಾ ಪೆನ್‌ಡ್ರೈವ್ ಸಿಕ್ಕಿದಾಗ ಅಲ್ಲಿಂದ ಹೊರಡುವ ಮೊದಲೇ, ಅದು ತೆರೆಯುತ್ತದೆಯೇ, ಹೆಸರು ನಿಮ್ಮವರದ್ದೇ ಹೌದೇ ಎಂದು ಅಲ್ಲಿನ ಸಿಬ್ಬಂದಿಯಿಂದ ಒಮ್ಮೆ ನೋಡಿಸಿಕೊಳ್ಳಿ. ಮೇಲೆ ಹೆಸರು, ತಾರೀಕು, ಪರೀಕ್ಷೆ ಯಾವುದೆಂದು ಬರೆಯಿರಿ. ಸಿ.ಡಿ.ಯೂ ಶಾಶ್ವತವಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಅದನ್ನು ಹಾಕುವ ಜಾಗವೇ ಇಲ್ಲವಾಗುತ್ತಿದೆ. ಮಕ್ಕಳಿಗೆ ಹೇಳಿ ಇನ್ನೊಂದು ಪ್ರತಿ ಮಾಡಿಸಿ, ಬೇರೆ ಜಾಗದಲ್ಲಿಡಿ. ಚಿತ್ರದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಅದು ಕುಗ್ಗಿ ಹೋಗುತ್ತದೆ, ವೈದ್ಯರು ಅದರ ಮೇಲೆ ನಿರ್ಧಾರಕ್ಕೆ ಬರಲಾಗದು. ಕುಟುಂಬದ ಗ್ರೂಪುಗಳಿಗೆ ಹಾಕುವುದಂತೂ ಬೇಡವೇ ಬೇಡ.

ಇನ್ನು ನನ್ನ ನಾದಿನಿಯ ವಿಷಯ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೂರನೆಯ ದಿನ ನನ್ನ ಅತ್ತೆ ತಮ್ಮ ಟ್ರಂಕಿನ ತಳದಿಂದ ಒಂದು ಹಳೆಯ ಸೀರೆಯ ಮಡಿಕೆ ತೆಗೆದರು. ಅದರೊಳಗೆ ಒಂದು ಸಿ.ಡಿ. “ಡಾಕ್ಟರ್ ಕೊಟ್ಟದ್ದಲ್ಲವಾ, ಬಿಸಾಡುವುದು ಹೇಗೆ ಎಂದು ಇಟ್ಟಿದ್ದೆ” ಎಂದರು. ಅವರಿಗೆ ಓದು ಬರಹ ಅಷ್ಟಾಗಿ ಬಾರದು. ಪ್ಯಾಕ್ಸ್, ಡೈಕಾಂ ಎಂಬ ಶಬ್ದಗಳನ್ನು ಅವರು ಕೇಳಿಯೂ ಇಲ್ಲ.

ವೈದ್ಯರ ಕಂಪ್ಯೂಟರಿನಲ್ಲಿ ಅದು ತೆರೆದುಕೊಂಡಿತು. ಅವರು ಹಳೆಯ ಚಿತ್ರದ ಮೇಲೆ ಮತ್ತೊಮ್ಮೆ, ಈ ಬಾರಿ ಆಲಿಕೆಯ ತುದಿಯಲ್ಲೇ ಅಳೆದರು. ಇಂದಿನ ಅಳತೆಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ. ಕವಾಟ ಏಳು ವರ್ಷಗಳಿಂದ ಬಹುತೇಕ ಹಾಗೆಯೇ ಇತ್ತು. ಹೆಚ್ಚಿದ್ದು ಗರ್ಭದ ಭಾರ. ಔಷಧಿ, ವಿಶ್ರಾಂತಿ, ಹದಿನೈದು ದಿನಕ್ಕೊಮ್ಮೆ ತಪಾಸಣೆ ಎಂದು ತೀರ್ಮಾನವಾಯಿತು. ಅಗತ್ಯ ಬಿದ್ದರೆ ಬಲೂನ್ ಚಿಕಿತ್ಸೆಗೂ ಸಿದ್ಧರಿರಲು ಹೇಳಿದರು. ಅದು ಬೇಕಾಗಲಿಲ್ಲ. ಅಲ್ಲಾಹನ ಕೃಪೆಯಿಂದ ಹೆರಿಗೆ ಕ್ಷೇಮವಾಗಿ ಆಯಿತು. ಆ ಮಗು ಈಗ ಮನೆತುಂಬ ಓಡಾಡುತ್ತಿದೆ.

ಆ ಸಿ.ಡಿ. ಮರಳಿ ಅತ್ತೆಯ ಟ್ರಂಕಿಗೆ ಸೇರಿದೆ. ಅದರ ಎರಡು ಪ್ರತಿಗಳು ನನ್ನ ಬಳಿ ಇವೆ. ನೀವೂ ಇವತ್ತು ಒಂದು ಗಳಿಗೆ ಬಿಡುವು ಮಾಡಿಕೊಂಡು ಕಪಾಟಿನ ಮೇಲಿನ ಆ ಚೀಲವನ್ನು ಕೆಳಗಿಳಿಸಿ ನೋಡುವಿರಲ್ಲವೇ?